ಜರಡಿಯಲ್ಲಿ ಉಳಿದ ನಡುಕ

ಡಾ. ಅನ್ನಪೂರ್ಣಾ ಕಲ್ಮಠ ಬೆಳಗಿನ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಖಾಲಿ ಮೇಜಿನ ಮುಂದೆ ನಿಂತು ಗಾಳಿಯಲ್ಲಿ ಕೈ ಚಾಚಿದರು. ಹುಬ್ಬಳ್ಳಿಯ ಆ ಕೋಣೆಯಲ್ಲಿ ಕೂಸೂ ಇರಲಿಲ್ಲ, ಹಾಸಿಗೆಯೂ ಇರಲಿಲ್ಲ. ಎದುರಿಗೆ ಒಂದು ಪರದೆ, ಎರಡೂ ಕೈಗೆ ಬೂದು ಬಣ್ಣದ ತೆಳ್ಳನೆಯ ಗವಸು, ಅಷ್ಟೇ. ಎಡಗೈ ಏನನ್ನೋ ಎತ್ತಿ ಹಿಡಿದಂತೆ ಮೆಲ್ಲಗೆ ಮೇಲೇರಿತು. ಬಲಗೈಯ ಬೆರಳುಗಳು ಸೂಜಿಗೆ ದಾರ ಪೋಣಿಸುವವರ ಬೆರಳಿನ ಹಾಗೆ ಮುಂದೆ ಸರಿದವು. ಹೊರಗಿನವರು ಯಾರಾದರೂ ಬಾಗಿಲಲ್ಲಿ ಇಣುಕಿದ್ದರೆ, ಪಾಪ ಮೇಡಮ್ಮರಿಗೆ ವಯಸ್ಸಾಯಿತು ಎಂದುಕೊಂಡು ಹೋಗುತ್ತಿದ್ದರು.

ಅದೇ ಹೊತ್ತಿಗೆ ದೂರದ ಒಂದು ತಾಲೂಕು ಊರಿನಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನ ಬಾಯಿಯೊಳಗೆ ಕಿರಿಯ ವೈದ್ಯನೊಬ್ಬನ ಕೈ ಅದೇ ರೀತಿ ಚಲಿಸುತ್ತಿತ್ತು. ಅವನೂ ಅಂಥದೇ ಗವಸು ತೊಟ್ಟಿದ್ದ. ಗವಸಿನ ಒಳಗಿನ ಕೂದಲೆಳೆಯಂಥ ತಂತಿಗಳು ಮೇಡಮ್ಮರ ಕೈಯ ಒತ್ತು, ಸೆಳೆತ, ತಡೆ ಎಲ್ಲವನ್ನೂ ಅವನ ಕೈಗೆ ಮುಟ್ಟಿಸುತ್ತಿದ್ದವು. ಅವನ ಕೈಯ ಒತ್ತು ಇವರ ಕೈಗೆ ಬರುತ್ತಿತ್ತು. ಅವನ ಕೈ ದಾರಿ ತಪ್ಪಿದರೆ ಇವರಿಗೆ ತಿಳಿಯುತ್ತಿತ್ತು. ಇವರು ತುಸು ಎಳೆದರೆ ಅವನು ಸರಿಯುತ್ತಿದ್ದ. ಇದಕ್ಕೆ ಜೊತೆಗೈ ಎಂದು ಹೆಸರು.

ನಳಿಕೆ ಒಳಗೆ ಹೋಯಿತು. ಕೂಸಿನ ಎದೆ ಏರಿತು, ಇಳಿಯಿತು. ಅಳು ಕೇಳಲಿಲ್ಲ. ನಳಿಕೆ ದನಿಯ ಎಳೆಗಳ ನಡುವೆಯೇ ಹಾದುಹೋಗುವುದರಿಂದ, ಅದು ಸರಿಯಾಗಿ ಕೂತ ಕೂಸಿಗೆ ಅಳುವ ದನಿ ಇರುವುದಿಲ್ಲ. ಈ ಕೆಲಸದಲ್ಲಿ ಗೆಲುವಿಗೂ ಸದ್ದಿಲ್ಲ. ಅನ್ನಪೂರ್ಣಾ ಗವಸು ಬಿಚ್ಚಿ, ಆರಿದ ಚಹಾವನ್ನೇ ಕುಡಿದರು.

ಹುಟ್ಟಿದ ಕೂಡಲೇ ಉಸಿರಾಡದ ಕೂಸಿಗೆ ಗಾಳಿ ಕೊಡಬೇಕಾದರೆ ಗಂಟಲಿನಲ್ಲಿ ಸಣ್ಣ ನಳಿಕೆ ಇಳಿಸಬೇಕಾಗುತ್ತದೆ. ಉಸಿರಿನ ಕೊಳವೆಯ ಬಾಯಿ ಒಂದು ಜೋಳದ ಕಾಳಿನಷ್ಟು. ಅದರ ಹಿಂದೆಯೇ ಅನ್ನನಾಳದ ಬಾಯಿ, ಅದು ಸುಲಭವಾಗಿ ಸಿಗುತ್ತದೆ. ಅಲ್ಲಿಗೆ ಹೋದ ನಳಿಕೆ ಗಾಳಿಯನ್ನೆಲ್ಲ ಹೊಟ್ಟೆಗೆ ತುಂಬುತ್ತದೆ, ಕೂಸು ಉಸಿರಿಲ್ಲದೆ ಹೋಗುತ್ತದೆ. ನಾಲಿಗೆಯನ್ನು ಎತ್ತಿ ಹಿಡಿಯಲು ದೀಪವಿರುವ ಒಂದು ಚಪ್ಪಟೆ ಅಲಗು ಇದೆ. ಅದನ್ನು ಹಿಡಿದು ಬಗ್ಗಿದವರಿಗೆ ಮಾತ್ರ ಒಳಗಿನದು ಕಾಣುತ್ತದೆ. ಹಾಗಾಗಿ ಕಲಿಯುವವರ ಬೆನ್ನ ಹಿಂದೆ ಒಬ್ಬ ಹಿರಿಯರು ಇರಲೇಬೇಕು ಎಂಬುದು ಹಳೆಯ ಕಟ್ಟುಪಾಡು. ಆದರೆ ಹಿರಿಯರು ಊರೂರಿಗೆ ಎಲ್ಲಿಂದ ಬರಬೇಕು? ದೊಡ್ಡ ಊರಿನಲ್ಲಿದ್ದವರು ದೊಡ್ಡ ಊರಿನಲ್ಲೇ ಉಳಿದರು. ಸಣ್ಣ ಊರಿನಲ್ಲಿ ಹುಟ್ಟಿದ ಕೂಸುಗಳು ಸಣ್ಣ ಡಾಕ್ಟರುಗಳ ಪಾಲಿಗೆ ಬಂದವು. ಈ ಸಂಕಟ ನೋಡಿ ನೋಡಿ ಅನ್ನಪೂರ್ಣಾ, ಮಹಾಂತೇಶ ಬಡಿಗೇರ ಎಂಬ ಎಂಜಿನಿಯರನನ್ನು ಜೊತೆಗೆ ಸೇರಿಸಿಕೊಂಡು, ಹತ್ತು ವರ್ಷ ಪಾಡುಪಟ್ಟು ಜೊತೆಗೈ ಮಾಡಿದ್ದರು. ಈಗ, ಈ ಶತಮಾನದ ಅರವತ್ತನೆಯ ವರ್ಷದಲ್ಲಿ, ನಲವತ್ತು ಊರುಗಳ ಆಸ್ಪತ್ರೆಗಳಲ್ಲಿ ಅವರ ಕೈ ಇತ್ತು.

ಜೊತೆಗೈಗೆ ಅವರದೇ ಒಂದು ಶಿಸ್ತಿತ್ತು. ನಳಿಕೆ ಇಳಿಸುವಾಗ ಯಾರೂ ಮಾತಾಡಬಾರದು. ಮೊದಲಿನ ದಿನಗಳಲ್ಲಿ ಫೋನಿನಲ್ಲಿ ಹಿರಿಯರು ಕೂಗುವುದು, ಕಿರಿಯರು ಗಾಬರಿಬಿದ್ದು ಎಡಕ್ಕೆ ಬಲ ಎನ್ನುವುದು, ಇದನ್ನೆಲ್ಲ ಅವರು ಸಾಕಷ್ಟು ಕಂಡಿದ್ದರು. "ಬಾಯಿ ಮುಚ್ಚಿ ಕೈ ಕೇಳ್ರಿ" ಎಂದು ತರಬೇತಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹುಡುಗ ಹುಡುಗಿಯರು ಅದನ್ನು ಮಂತ್ರದ ಹಾಗೆ ಪಾಲಿಸಿದರು. ಮೇಡಮ್ಮರ ಕೈ ತಮ್ಮ ಕೈಯ ಮೇಲಿರುವಾಗ ಬಾಯಿ ತೆರೆಯುವ ಧೈರ್ಯವಾದರೂ ಯಾರಿಗಿತ್ತು?

ಇನ್ನೊಂದು ಸಂಗತಿಯೂ ಇತ್ತು. ಐದಾರು ವರ್ಷದ ಹಿಂದೆ ಅನ್ನಪೂರ್ಣಾ ಅವರ ಬಲಗೈ ನಡುಗಲು ಶುರುವಾಯಿತು. ಬಸಿಯಲ್ಲಿ ಚಹಾದ ಕಪ್ಪು ಗಲಗಲ ಎಂದಾಗ ಮೊದಲು ಗಮನಿಸಿದವನು ಮಹಾಂತೇಶನೇ. ಅವನು ಏನೂ ಅನ್ನದೆ, ಒಂದು ವಾರದಲ್ಲಿ ಯಂತ್ರದೊಳಗೆ ಹೊಸದೊಂದು ಲೆಕ್ಕಾಚಾರ ಸೇರಿಸಿದ. ಕೈಯ ಬೇಕಾದ ಚಲನೆಯನ್ನು ದಾಟಿಸಿ, ನಡುಕವನ್ನಷ್ಟೇ ಹಿಡಿದು ನಿಲ್ಲಿಸುವಂಥದು. ಅದಕ್ಕೆ ಅವನು ಇಟ್ಟ ಹೆಸರು ಜರಡಿ. ಚೆನ್ನಾಗಿ ಕೆಲಸ ಮಾಡಿತು. ಆ ತುದಿಯಲ್ಲಿ ಕಿರಿಯರ ಅಂಜಿಕೆಯ ನಡುಕವೂ ಇವರಿಗೆ ತೊಡಕಾಗುತ್ತಿದ್ದುದರಿಂದ ಎರಡೂ ಕಡೆಗೆ ಜರಡಿ ಹಾಕಿದರು. ಅಂದಿನಿಂದ ಇತ್ತಲಿಂದ ಹೋಗುವ ಕೈಯೂ ಗಟ್ಟಿ, ಅತ್ತಲಿಂದ ಬರುವ ಕೈಯೂ ಗಟ್ಟಿ. ಕೈ ಚಾಚಿದಾಗಲೆಲ್ಲ ಅನ್ನಪೂರ್ಣಾ ಅವರಿಗೆ ಮತ್ತೆ ಮೂವತ್ತರ ಹೆಂಗಸಾದ ಹಾಗೆ ಅನಿಸುತ್ತಿತ್ತು. ಅದು ಅವರಿಗೆ ಬಹಳ ಇಷ್ಟವಾಗಿತ್ತು.

ಆ ನಲವತ್ತು ಊರುಗಳಲ್ಲೊಂದು ಹಿರೇಕೊಳ್ಳ. ಅಲ್ಲಿ ಅದೇ ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಒಂದು ಕೂಸು ಹುಟ್ಟಿತು. ತಾಯಿ ಆದ್ಯಾ. ಆ ಕಾಲದ ಬಾಣಂತಿ ವಾರ್ಡುಗಳಲ್ಲಿ ಆದ್ಯಾ ಎಂದು ಕರೆದರೆ ನಾಲ್ವರು ತಿರುಗಿ ನೋಡುತ್ತಿದ್ದರು, ಆದರೆ ಅಂದು ಅಲ್ಲಿದ್ದವಳು ಇವಳೊಬ್ಬಳೇ. ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ಹೊಟ್ಟೆಯೊಳಗೇ ಮಲ ಮಾಡಿಕೊಂಡು ಅದೇ ನೀರು ಕುಡಿದಿತ್ತು. ಹುಟ್ಟಿದಾಗ ಮೈ ನೀಲಿ, ಗುಂಡಿಗೆ ಎಲ್ಲೋ ಒಮ್ಮೆ ಮಿಡಿಯುತ್ತಿತ್ತು. ಅಲ್ಲಿದ್ದ ಕಿರಿಯ ವೈದ್ಯೆ ಡಾ. ಆಫ್ರೀನ್ ನದಾಫ್ ಗವಸು ತೊಟ್ಟು ಅಲಗು ಹಿಡಿದಳು. ಹುಬ್ಬಳ್ಳಿಯಲ್ಲಿ ಅನ್ನಪೂರ್ಣಾ ಕೈ ಚಾಚಿದರು.

ಹುಬ್ಬಳ್ಳಿಯ ಪರದೆಗೆ ಚಿತ್ರ ಕಳಿಸಲು ಜೊತೆಗೈಯವರು ಅಲಗಿನ ತುದಿಗೆ ಕೂರಿಸಿದ್ದ ಸಣ್ಣ ಕ್ಯಾಮೆರಾಗೆ ಹಸಿರು ಲೋಳೆ ಮೆತ್ತಿತು. ಪರದೆಯ ಮೇಲೆ ಬರೀ ಕಲೆ. ನನಗೆ ಕಾಣದಿದ್ದರೇನು, ಹುಡುಗಿ ಅಲ್ಲೇ ಬಗ್ಗಿ ಕಣ್ಣಾರೆ ನೋಡುತ್ತಿದ್ದಾಳೆ ಎಂದುಕೊಂಡರು ಅನ್ನಪೂರ್ಣಾ. ಬೆರಳಿಗೆ ಬರುತ್ತಿದ್ದ ಅವಳ ಕೈ ಕಂಬದ ಹಾಗೆ ನಿಂತಿತ್ತು. ಅವಳಿಗೆ ಕಂಡಿದೆ ಎಂದು ಅವರು ತುಸು ಮುಂದೊತ್ತಿದರು. ಕೈ ಒಪ್ಪಿ ಮುಂದೆ ಬಂತು. ನಳಿಕೆ ಇಳಿಯಿತು.

ನಳಿಕೆಯ ತುದಿಗೆ ಸಿಕ್ಕಿಸುವ ಒಂದು ಸಣ್ಣ ಬಿಲ್ಲೆ ಇರುತ್ತದೆ. ಕೂಸು ಬಿಟ್ಟ ಉಸಿರು ತಾಗಿದರೆ ಅದು ನೇರಳೆಯಿಂದ ಹಳದಿಗೆ ತಿರುಗುತ್ತದೆ. ಅದು ನೇರಳೆಯಾಗಿಯೇ ಉಳಿಯಿತು. ಆದರೆ ಗುಂಡಿಗೆ ತೀರ ಸೋತ ಕೂಸುಗಳಲ್ಲಿ ನಳಿಕೆ ಸರಿಯಿದ್ದರೂ ಬಣ್ಣ ತಿರುಗದಿರುವುದುಂಟು. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರೂ ಗುಂಡಿಗೆಯ ಮೇಲೆಯೇ ತಪ್ಪು ಹೊರಿಸಿ ಕಾದರು. ಇಬ್ಬರೂ ಮಾತಾಡಲಿಲ್ಲ. ಕಾದದ್ದು ಹೆಚ್ಚಾಯಿತು. ಕೊನೆಗೆ ಆಫ್ರೀನ್ ಒಮ್ಮೆಲೆ ಗವಸು ಕಿತ್ತೆಸೆದು, ನಳಿಕೆ ಹೊರಗೆಳೆದು, ಬಾಯಿ ಒರೆಸಿ, ಬರಿಗೈಯಲ್ಲಿ ಇನ್ನೊಂದು ನಳಿಕೆ ಇಳಿಸಿದಳು. ಬಿಲ್ಲೆಯ ಬಣ್ಣ ತಿರುಗಿತು. ಆದರೆ ಹೊತ್ತು ಮೀರಿತ್ತು. ಸಂಜೆಯೊಳಗೆ ಕೂಸು ಹೋಯಿತು.

ವಿಚಾರಣೆಗೆ ಕೂತವರು ಯಂತ್ರವನ್ನು ತಿರುವಿ ಮುರುವಿ ನೋಡಿ, ಜೊತೆಗೈಯಲ್ಲಿ ದೋಷವಿಲ್ಲ, ಕಾಣದಿದ್ದರೆ ಕಿರಿಯರು ಹೇಳಬೇಕಿತ್ತು ಎಂದರು. ಆಫ್ರೀನ್ ಎದುರು ಮಾತಾಡಲಿಲ್ಲ, ರಾಜೀನಾಮೆ ಕೊಟ್ಟಳು. ಆ ಸುದ್ದಿ ಬಂದ ದಿನ ಅನ್ನಪೂರ್ಣಾ ಬಸ್ಸು ಹತ್ತಿದರು. ಹೋಗಿ ಏನು ಹೇಳಬೇಕು ಎಂದು ಅವರಿಗೂ ತಿಳಿದಿರಲಿಲ್ಲ. ನಿನ್ನ ತಪ್ಪಿಲ್ಲ ಎನ್ನಬೇಕೆಂದಿದ್ದರು, ಆದರೆ ಮನಸ್ಸಿನ ಮೂಲೆಯಲ್ಲಿ ಅವರೂ ಅದು ಅವಳದೇ ತಪ್ಪೆಂದು ನಂಬಿದ್ದರು.

ನಲವತ್ತು ಊರುಗಳಲ್ಲಿ ಕೈಯಿದ್ದ ಹೆಂಗಸು ಹಿರೇಕೊಳ್ಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಆಸ್ಪತ್ರೆಯ ಕಾವಲುಗಾರ ಯಾರು ಬೇಕ್ರಿ ಎಂದು ಕೇಳಿದ. ಆಫ್ರೀನ್ ಸಣ್ಣ ಮೈಕಟ್ಟಿನ ಹುಡುಗಿ, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಎಷ್ಟೋ ತಿಂಗಳಿಂದ ಬೆರಳ ತುದಿಯಲ್ಲಿ ಬಲ್ಲ ಹುಡುಗಿಯ ಮುಖವನ್ನು ಅನ್ನಪೂರ್ಣಾ ಅಂದು ಸರಿಯಾಗಿ ನೋಡಿದರು. ತರಬೇತಿಯ ಕೋಣೆಯಲ್ಲಿ ರಬ್ಬರಿನ ಗೊಂಬೆಯೊಂದು ಬಾಯಿ ತೆರೆದುಕೊಂಡು ಮಲಗಿತ್ತು.

"ಒಂದ್ಸಲ ತೋರಸವಾ, ಹೆಂಗ ಹಿಡೀತಿ ಅಂತ" ಎಂದರು.

"ಈಗ್ಯಾಕ್ರೀ ಮೇಡಮ್. ನಾ ಬಿಟ್ಟು ಹೊಂಟೀನಿ."

"ಹೊಂಟ್ರ ಹೋಗವಂತಿ. ಒಂದ್ಸಲ ಹಿಡಿ."

ಅವಳು ಅಲಗು ಹಿಡಿದು ಗೊಂಬೆಯ ಮೇಲೆ ಬಗ್ಗಿದಳು. ಅನ್ನಪೂರ್ಣಾ ಹಿಂದೆ ನಿಂತು, ಅಭ್ಯಾಸಬಲದಿಂದ ತಮ್ಮ ಬರಿಗೈಯನ್ನು ಅವಳ ಬರಿಗೈಯ ಮೇಲಿಟ್ಟರು. ಇಟ್ಟವರು ಹಾಗೇ ನಿಂತರು. ಅವಳ ಕೈ ನಡುಗುತ್ತಿತ್ತು. ಹಿಡಿದ ಗುಬ್ಬಿಯ ಎದೆ ಮಿಡಿಯುವಂತೆ, ಸಣ್ಣದಾಗಿ, ಬಿಡದೆ ನಡುಗುತ್ತಿತ್ತು.

"ಇದೇನವಾ, ನಿನ್ನ ಕೈ ಹಿಂಗ ನಡಗತೈತಿ?"

"ಮೊದಲಿಂದನೂ ಹಂಗ್ರೀ. ಒಳಗ ಕಾಣೂತನಾ ನಡಗತಾವ. ಕಂಡ ಕೂಡ್ಲೇ ನಿಲ್ತಾವ."

"ಆವತ್ತು?"

ಆಫ್ರೀನ್ ಗೊಂಬೆಯ ಬಾಯಿಂದ ಕಣ್ಣು ತೆಗೆಯಲಿಲ್ಲ. "ಆವತ್ತು ನಿಲ್ಲಲೇ ಇಲ್ರಿ. ನನಗ ಏನೂ ಕಾಣಲಿಲ್ಲ. ನಿಮ್ಮ ಕೈ ಮಾತ್ರ ಗಟ್ಟಿ ಇತ್ತು. ಮೇಡಮ್ಮರಿಗೆ ಪರದೇದಾಗ ಕಂಡಿರಬೇಕು ಅಂದ್ಕೊಂಡೆ. ನೀವು ಒತ್ತಿದ್ರಿ, ನಾ ಹೋದೆ."

ಅಂದು ಒತ್ತಿದಾಗ ಅನ್ನಪೂರ್ಣಾ ಅವರಿಗೂ ಅಳುಕಿತ್ತು. ಕೈ ಎಂದಿಗಿಂತ ಹೆಚ್ಚು ಅದುರಿತ್ತು. ಆ ಅದುರು ಹುಬ್ಬಳ್ಳಿಯ ಜರಡಿಯಲ್ಲಿ ಉಳಿದಿತ್ತು. ಇವಳದು ಹಿರೇಕೊಳ್ಳದ ಜರಡಿಯಲ್ಲಿ ಉಳಿದಿತ್ತು.

"ನನಗೂ ಕಂಡಿರಲಿಲ್ಲವಾ" ಎಂದರು. "ನಿನ್ನ ಕೈ ಗಟ್ಟಿ ಇತ್ತು. ನಿನಗ ಕಂಡೈತಿ ಅಂದ್ಕೊಂಡೆ."

ಆಫ್ರೀನ್ ತಿರುಗಿ ನೋಡಿದಳು. ಮೊದಲು ಮುಖವನ್ನು, ಆಮೇಲೆ ತನ್ನ ಕೈಯ ಮೇಲಿದ್ದ ಮುದಿ ಕೈಯನ್ನು. ಅದು ತನ್ನದಕ್ಕಿಂತ ಜೋರಾಗಿ ನಡುಗುತ್ತಿದ್ದುದು ಅವಳಿಗೆ ಆಗ ಗೊತ್ತಾಯಿತು. ಯಾವತ್ತೂ ನಡುಗದ ಕೈ ಎಂದು ಊರೂರಿನ ಕಿರಿಯರು ಆಡಿಕೊಳ್ಳುತ್ತಿದ್ದ ಕೈ ಅದು. ಹುಡುಗಿ ಅಲಗು ಕೆಳಗಿಟ್ಟು ಅತ್ತಳು. ಅನ್ನಪೂರ್ಣಾ ಕೂಡ ಅತ್ತರು.

ಹೊರಗೆ ಪಡಸಾಲೆಯ ತುದಿಯಲ್ಲಿ ಹಾಲು ಸಂಗ್ರಹಿಸುವ ಕೋಣೆ. ಎದೆಹಾಲು ಸಾಲದ ಕೂಸುಗಳಿಗಾಗಿ ಬೇರೆ ತಾಯಂದಿರು ಅಲ್ಲಿ ಹಾಲು ಕೊಟ್ಟು ಹೋಗುತ್ತಾರೆ. ಅಂದು ಅಲ್ಲಿ ಕೂತಿದ್ದವಳು ಆದ್ಯಾ. ಕೂಸು ಹೋದರೂ ಹಾಲಿಗೆ ಅದು ತಿಳಿದಿರಲಿಲ್ಲ. ಎದೆ ಕಲ್ಲಾಗಿ ನೋವು ತಡೆಯಲಾರದೆ ಬಂದವಳು, ಆಮೇಲೆ ದಿನಾ ಬರತೊಡಗಿದ್ದಳು. ಆಫ್ರೀನ್ ಅವಳ ಎದುರಿಗೆ ಬರಲಾರದೆ ಹಿಂದೆ ಉಳಿದಳು. ಅನ್ನಪೂರ್ಣಾ ಒಬ್ಬರೇ ಹೋಗಿ ತಾವು ಯಾರೆಂದು ಹೇಳಿದರು.

ಆದ್ಯಾ ಅವರ ಕೈಗಳನ್ನೇ ನೋಡಿದಳು. ಬೈಯಲಿಲ್ಲ. ದಿನವೆಲ್ಲ ಒಂದೇ ಮಾತನ್ನು ಯೋಚಿಸಿದವರ ದನಿಯಲ್ಲಿ ಕೇಳಿದಳು.

"ಹುಬ್ಬಳ್ಳಿ ದೊಡ್ಡ ಡಾಕ್ಟ್ರು ಕೈ ಹಿಡದಿದ್ರು ಅಂತ ಹೇಳಿದ್ರು. ಇಲ್ಲಿ ಸಣ್ಣ ಡಾಕ್ಟ್ರೂ ಇದ್ರು. ಅವರ್ನ ಕೇಳಿದ್ರ ಇವರು ಅಂತಾರ, ಇವರ್ನ ಕೇಳಿದ್ರ ಅವರು ಅಂತಾರ. ನನಗೊಂದು ಹೇಳ್ರಿ, ಆಗ ನನ್ನ ಕೂಸು ಯಾರ ಕೈಯಾಗ ಇತ್ತು?"

ಅನ್ನಪೂರ್ಣಾ ಅವಳ ಎದುರಿಗೆ ಕೂತರು.

"ಯಾರ ಕೈಯಾಗೂ ಇರಲಿಲ್ಲವಾ" ಎಂದರು. "ಆಕಿ ಹಿಡದಾಳಂತ ನಾ, ನಾ ಹಿಡದೀನಂತ ಆಕಿ. ಇಬ್ಬರೂ ಹಿಡದಿರಲಿಲ್ಲ."

ಆದ್ಯಾ ಹಾಲಿನ ಬಾಟಲಿಗೆ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು, ಬಿಗಿಯಾದ ಮೇಲೂ ತಿರುಗಿಸಿದಳು.

"ಹಂಗಾರ ಇನ್ಮ್ಯಾಲ ಒಬ್ಬರರೇ ಹಿಡಕೋರಿ" ಎಂದಳು. ಬಾಟಲಿಯನ್ನು ನರ್ಸಿನ ಕೈಗೆ ಕೊಟ್ಟು, ಸೆರಗು ಹೊದ್ದುಕೊಂಡು ಹೋದಳು.

ಹುಬ್ಬಳ್ಳಿಗೆ ಮರಳಿದ ಮೇಲೆ ಅನ್ನಪೂರ್ಣಾ ಮಹಾಂತೇಶನನ್ನು ಕರೆಸಿ, ಜರಡಿ ತೆಗೆದುಬಿಡು ಎಂದರು. ಅವನು ಕುರ್ಚಿ ಎಳೆದು ಕೂತ.

"ತೆಗೆದ್ರ ನಿಮ್ಮ ಕೈ ಎಲ್ಲಾ ಊರಿಗೂ ಗೊತ್ತಾಗತೈತಿ ಮೇಡಮ್ಮರ."

"ಗೊತ್ತಾಗ್ಲಿ."

"ಗೊತ್ತಾದ ಮ್ಯಾಲ ಮೇಲಿನವರು ನಿಮ್ಮನ್ನ ಈ ಮೇಜಿನ ಮುಂದ ನಿಲ್ಲಾಕ ಬಿಡಂಗಿಲ್ಲ. ಇದೂ ಒಂದು ಮಾತು ಕೇಳ್ರಿ. ಜರಡಿ ಇದ್ದಾಗನ ಎಷ್ಟ ಕೂಸು ಉಳದಾವ. ಅವರ ತಾಯಂದ್ರು ಯಾರೂ ನಮ್ಮ ಹತ್ರ ಬಂದು ಕೇಳಂಗಿಲ್ಲ. ಅವನ್ನೂ ನೆನಸ್ರಿ."

ಅವನ ಮಾತು ಸುಳ್ಳಾಗಿರಲಿಲ್ಲ. ಅನ್ನಪೂರ್ಣಾ ಕಿಟಕಿಯತ್ತ ನೋಡುತ್ತ ಕೂತರು. ಈ ಕೆಲಸ ಬಿಟ್ಟರೆ ತಮಗೆ ಬೇರೆ ಬದುಕು ಇರಲಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

"ಒಂದು ಉಪಾಯ ಐತೇನು?" ಎಂದು ಕೇಳಿದರು. "ವಯಸ್ಸಿನ ನಡುಕ ಅಷ್ಟ ತಡದು, ಅನುಮಾನದ ನಡುಕ ದಾಟಸೂ ಹಂಗ?"

"ಯಾವ್ದು ಯಾವ್ದಂತ ಯಂತ್ರಕ್ಕ ಹೆಂಗ ತಿಳೀಬೇಕ್ರೀ? ನಿಮಗರೇ ತಿಳಿತೈತೇನು?"

ಅನ್ನಪೂರ್ಣಾ ತಮ್ಮ ಕೈ ಎತ್ತಿ ನೋಡಿಕೊಂಡರು. ಅದು ನಡುಗುತ್ತಿತ್ತು, ಯಾವುದಕ್ಕೆಂದು ಅವರಿಗೂ ಹೇಳಲಾಗಲಿಲ್ಲ. "ಇಲ್ಲಪಾ" ಎಂದರು. "ತೆಗಿ."

ವಿಚಾರಣೆಯವರಿಗೆ ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದರು. ಆಫ್ರೀನ್ ಮೇಲಿನ ಆಪಾದನೆ ಹೋಯಿತು. ಜರಡಿ ತೆಗೆದ ವಾರವೇ ದೂರುಗಳು ಬಂದವು. ಮೇಡಮ್ಮರ ಕೈ ಹೀಗಾಗಿದೆಯೇ ಎಂದು ಕೆಲವರು ಮರುಗಿದರು, ಇಷ್ಟು ದಿನ ಮುಚ್ಚಿಟ್ಟರಲ್ಲ ಎಂದು ಕೆಲವರು ಸಿಟ್ಟಾದರು. ತಿಂಗಳೊಳಗೆ ಅವರ ಜಾಗಕ್ಕೆ ಬೇರೆ ಇಬ್ಬರು ಬಂದರು. ಇನ್ನು ಮುಂದೆ ಕಾಣದಿದ್ದರೆ ಬಾಯಿಬಿಟ್ಟು ಹೇಳಬೇಕೆಂಬ ನಿಯಮವೂ ಬಂತು. ಕೆಲವು ಊರುಗಳಲ್ಲಿ ಗವಸು ಉಳಿಯಿತು. ಕೆಲವು ಕಡೆ, ಯಾರದಾದರೂ ಸರಿ, ನಡುಗುವ ಕೈಯನ್ನು ಕೈಯ ಮೇಲೆ ಹೊತ್ತು ಕೆಲಸ ಮಾಡಲಾರೆವೆಂದು ಕಪಾಟಿನಲ್ಲಿಟ್ಟರು. ಆ ಊರುಗಳಲ್ಲಿ ಆಮೇಲೆ ಹುಟ್ಟಿದ ಕೂಸುಗಳು ಏನಾದವೋ ಅನ್ನಪೂರ್ಣಾ ಅವರಿಗೆ ತಿಳಿಯಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅವರಿಗೆ ಬರುತ್ತಿದ್ದ ಮೊದಲ ಯೋಚನೆ ಅದೇ. ಕೊನೆಯವರೆಗೂ ಅದು ಹೋಗಲಿಲ್ಲ.

ಅವರು ಹಿರೇಕೊಳ್ಳದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು, ದಿನಾ ಆಸ್ಪತ್ರೆಗೆ ಹೋಗತೊಡಗಿದರು. ನಲವತ್ತು ಊರಿನಲ್ಲಿದ್ದ ಕೈ ಈಗ ಒಂದು ಊರಿಗೆ ಬಂದಿತ್ತು, ಅದೂ ಕೆಲಸಕ್ಕೆ ಬಾರದ ಕೈ. ಆಫ್ರೀನ್ ರಾಜೀನಾಮೆ ಹಿಂತೆಗೆದುಕೊಂಡಿದ್ದಳು, ಆದರೆ ಗವಸನ್ನೂ ಅಲಗನ್ನೂ ಮುಟ್ಟುತ್ತಿರಲಿಲ್ಲ. ಕೂಸು ಉಸಿರಾಡದಿದ್ದರೆ ಮೂಗು ಬಾಯಿಗೆ ಮುಸುಕಿಟ್ಟು ಚೀಲ ಒತ್ತಿ ಗಾಳಿ ಕೊಡುತ್ತಿದ್ದಳು. ಹೆಚ್ಚಿನ ಕೂಸುಗಳಿಗೆ ಅಷ್ಟು ಸಾಕಾಗುತ್ತಿತ್ತು. ಸಾಕಾಗದ ಕೂಸು ಒಂದು ದಿನ ಬಂದೇ ಬಂತು.

"ಮೇಡಮ್, ನೀವ ಹಾಕ್ರಿ" ಎಂದಳು.

"ಈ ಕೈಲೇ?" ಎಂದರು ಅನ್ನಪೂರ್ಣಾ. "ನೀ ಹಿಡಿ. ನಾ ಹಿಂದ ಇರ್ತೀನಿ."

ಅವಳು ಅಲಗು ಇಳಿಸಿ ಬಗ್ಗಿದಳು. ಅನ್ನಪೂರ್ಣಾ ಅವಳ ಹೆಗಲ ಮೇಲೆ ಕೈಯಿಟ್ಟು ತಮ್ಮ ಉಸಿರು ಕಟ್ಟಿ ಹಿಡಿದರು. ಬಹಳ ಹಳೆಯ ಪದ್ಧತಿ ಅದು. ನಳಿಕೆ ಹಾಕುವಾಗ ಕೂಸಿಗೆ ಗಾಳಿ ಸಿಗುವುದಿಲ್ಲ. ಹಿಂದೆ ನಿಂತವರು ತಾವೂ ಉಸಿರು ಕಟ್ಟಬೇಕು, ತಮಗೆ ತಡೆಯದಾದಾಗ ಕೂಸಿಗೂ ತಡೆಯದು ಎಂದು ತಿಳಿದು ಸಾಕು ಎನ್ನಬೇಕು. ಜೊತೆಗೈ ಬಂದ ಮೇಲೆ ಅದರ ಬದಲಿಗೆ, ಹೊತ್ತು ಮುಗಿಯಿತೆಂದು ಗುಂಯ್ಗುಡುವ ಒಂದು ಸದ್ದು ಇಟ್ಟಿದ್ದರು. ಹೆಗಲು ನಡುಗುತ್ತಿತ್ತು. ಕೈಯೂ ನಡುಗುತ್ತಿತ್ತು.

"ಕಾಣವಲ್ದ್ರೀ ಮೇಡಮ್" ಎಂದಳು ಆಫ್ರೀನ್.

ಅನ್ನಪೂರ್ಣಾ ಉಸಿರು ಬಿಟ್ಟರು. "ತೆಗಿ. ಗಾಳಿ ಕೊಡು."

ಮುಸುಕಿಟ್ಟು ಗಾಳಿ ಕೊಟ್ಟರು. ಕೂಸಿನ ಬಣ್ಣ ತುಸು ತಿಳಿಯಾಯಿತು. ಮತ್ತೆ ಬಗ್ಗಿದಳು, ಮತ್ತೆ ಇವರು ಉಸಿರು ಕಟ್ಟಿದರು. ಮುದಿ ಎದೆ, ಬೇಗ ಉರಿಯತೊಡಗಿತು. ಇನ್ನೇನು ಸಾಕು ಎನ್ನಬೇಕು, ಅಷ್ಟರಲ್ಲಿ ಅಂಗೈ ಕೆಳಗಿನ ಹೆಗಲು ತಾನಾಗಿ ನಿಂತಿತು.

"ಕಂಡತ್ರಿ."

ನಳಿಕೆ ಇಳಿಯಿತು. ಬಿಲ್ಲೆ ಹಳದಿಗೆ ತಿರುಗಿತು. ಕೂಸು ಅಳಲಿಲ್ಲ, ಎದೆ ಏರಿತು, ಇಳಿಯಿತು. ಇಬ್ಬರೂ ನಗಲಿಲ್ಲ. ಆ ಹೊತ್ತಿಗೆ ಇಬ್ಬರಿಗೂ ನೆನಪಾದದ್ದು ಇನ್ನೊಂದು ಕೂಸು. ಕಾಣವಲ್ದು, ತೆಗಿ ಎಂಬ ಈ ಎರಡು ಮಾತು ಅಂದೇ ಆಡಿದ್ದರೆ ಅದಕ್ಕೀಗ ದವಡೆಯಲ್ಲಿ ಹಲ್ಲು ಮೂಡುವ ವಯಸ್ಸು.

ಸಂಜೆ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೂತಾಗ ಆಫ್ರೀನ್ ಕೇಳಿದಳು. "ಉಸಿರು ಕಟ್ಟೂದು ನಿಮಗ ಯಾರ್ ಕಲಿಸಿದ್ರೀ?"

"ದೇಸಾಯಿ ಸರ್ ಅಂತ ಇದ್ರು. ನಾ ಕಲೀವಾಗ, ಇಪ್ಪತ್ತಾರು ಇಪ್ಪತ್ತೇಳನೇ ಇಸವಿ ಇರಬೇಕು." ಅನ್ನಪೂರ್ಣಾ ಅವರ ಬಸಿಯಲ್ಲಿ ಕಪ್ಪು ಗಲಗಲ ಎಂದಿತು. ಅವರು ಅದನ್ನು ಅಡಗಿಸಲು ಹೋಗಲಿಲ್ಲ. "ಆಗ ಯಾವ ಗವಸೂ ಇರಲಿಲ್ಲ. ಯಾವಾಗ ಕರದ್ರೂ ಬಂದು ಬೆನ್ನ ಹಿಂದ ನಿಂದರ್ತಿದ್ರು. ಬಾಯಾಗ ಲವಂಗ. ಉಸಿರು ಬಿಟ್ರಂದ್ರ ಅದರ ವಾಸನಿ ನಮ್ಮ ಕುತ್ತಿಗಿಗೆ ಬಡೀತಿತ್ತು. ಕಾಣಸ್ತೇನು, ಕಾಣಸ್ತೇನು ಅಂತ ಒಂದಸವನ ಕೇಳ್ತಿದ್ರು."

"ಛೊಲೋ ಇತ್ತಲ್ರೀ ಹಂಗಾರ."

"ನಮಗ ಹಂಗ ಅನಸ್ತಿರಲಿಲ್ಲವಾ" ಎಂದರು ಅನ್ನಪೂರ್ಣಾ. "ಈ ಮನಷ್ಯಾ ನಮ್ಮ ಹಿಂದಿಂದ ಯಾವಾಗ ಸರೀತಾನಪಾ ಅಂತ ಕಾಯ್ತಿದ್ವಿ."